ಟ್ರಂಕಿಗೆ ಹಾಕಿದ ಮಾತು

ನಮ್ಮ ಊರಿನ ಬಸ್ ಸ್ಟ್ಯಾಂಡಿನಲ್ಲಿ ಬೆಂಚು ಹಾಕಿಸುವ ಪ್ರಮೇಯ ಪುರಸಭೆಗೆ ಎಂದೂ ಬಂದಿಲ್ಲ. ದೂರದ ಕಾಲೇಜಿಗೆಂದು ಹೊರಟು, ಟ್ರಂಕು ಎತ್ತಲಾಗದೆ ಇಲ್ಲೇ ಉಳಿದುಬಿಟ್ಟ ಮಕ್ಕಳ ಟ್ರಂಕುಗಳೇ ಅಲ್ಲಿ ಸಾಲಾಗಿ ಬಿದ್ದಿವೆ. ಬಸ್ಸು ಕಾಯುವವರು ಅವುಗಳ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಾರೆ. ಪ್ರತಿ ಮುಚ್ಚಳದ ಮೇಲೂ ಬಿಳಿ ಬಣ್ಣದಲ್ಲಿ ಒಂದೊಂದು ಹೆಸರು. ಬೇವಿನ ಮರದ ನೆರಳಿನಲ್ಲಿರುವುದು ನನ್ನದು. ‘ಕಮಲಾಕ್ಷಿ’ ಎಂದು ಬರೆಸಿದ್ದರಲ್ಲಿ ಈಗ ‘ಲಾಕ್ಷಿ’ ಮಾತ್ರ ಉಳಿದಿದೆ, ಮಿಕ್ಕದ್ದು ಜನ ಕೂತೂ ಕೂತೂ ಅಳಿಸಿಹೋಗಿದೆ. ನರ್ಸಿಂಗ್ ಓದಲು ಹೊರಟವಳು ನಾನು. ಬಸ್ಸು ಬಂದಿತ್ತು, ಟ್ರಂಕು ಏಳಲಿಲ್ಲ. ಮುಂದಿನ ವರ್ಷ ಹಿಟ್ಟಿನ ಗಿರಣಿಯವರ ಮನೆಗೆ ಮದುವೆಯಾಗಿ ಬಂದೆ. ಗಿರಣಿಯೂ ಬಸ್ ಸ್ಟ್ಯಾಂಡಿನ ಎದುರಿಗೇ ಇರುವುದರಿಂದ ನನ್ನ ಟ್ರಂಕನ್ನು ದಿನಾ ನೋಡುವ ಭಾಗ್ಯ ಪುಕ್ಕಟೆಯಾಗಿ ಸಿಕ್ಕಿತು.

ನಮ್ಮಲ್ಲಿ ಮಕ್ಕಳಿಗೆ ದೂರದ ಊರಿನಲ್ಲಿ ಸೀಟು ಸಿಕ್ಕಿದರೆ ಮೊದಲು ಟ್ರಂಕು ತಂದು ಹೆಸರು ಬರೆಸಿ ಜಗಲಿಯ ಮೇಲೆ ಇಡುತ್ತಾರೆ. ಹೊರಡುವ ದಿನದವರೆಗೂ ಊರಿನವರು ಬಂದು, ಮುಚ್ಚಳದ ಮೇಲೆ ಕೈಯಿಟ್ಟು, ಮಗುವಿಗೆ ಬುದ್ಧಿ ಹೇಳಿ, ಕಾಫಿ ಕುಡಿದು ಹೋಗುತ್ತಾರೆ. ಇದಕ್ಕೆ ಮಾತು ಹಾಕುವುದು ಎನ್ನುತ್ತಾರೆ. ಹಾಕಿದ ಮಾತು ಟ್ರಂಕಿನಲ್ಲಿ ಕೂರುತ್ತದೆ, ಟ್ರಂಕು ಭಾರವಾಗುತ್ತದೆ. ನೀವು ನಮ್ಮ ಮನೆಗೆ ಬಂದು ಮಾತು ಹಾಕದಿದ್ದರೆ ನಾವು ನಿಮ್ಮ ಮನೆಯ ಮದುವೆಗೂ ಬರುವುದಿಲ್ಲ. ಟ್ರಂಕೇ ಬೇಡ ಎಂದು ಬರಿಗೈಯಲ್ಲಿ ಹೊರಟ ಜಾಣನೊಬ್ಬನಿದ್ದ. ಮಾತೆಲ್ಲ ಅವನ ಚಪ್ಪಲಿಗೆ ಇಳಿದು, ಪಾಪ, ಊರಬಾಗಿಲಿನಲ್ಲಿ ಕಾಲೆತ್ತಲಾಗದೆ ನಿಂತುಬಿಟ್ಟ. ಅಂದಿನಿಂದ ಎಲ್ಲರೂ ಟ್ರಂಕೇ ವಾಸಿ ಎಂದುಕೊಂಡಿದ್ದಾರೆ.

ನನ್ನ ಮಗಳು ಇಂಪನಾಳಿಗೆ ಸೀಟು ಸಿಕ್ಕಿದ್ದು ಕಡಲತೀರದ ಮೀನುಗಾರಿಕೆ ಕಾಲೇಜಿನಲ್ಲಿ. ನಮ್ಮ ಊರಿನಲ್ಲಿ ನೀರೆಂದರೆ ಒಂದು ಕೆರೆ, ಅದೂ ವರ್ಷದಲ್ಲಿ ಆರು ತಿಂಗಳು ಕ್ರಿಕೆಟ್ ಮೈದಾನ. ಇವಳಿಗೆ ಮೀನಿನ ಹುಚ್ಚು ಎಲ್ಲಿಂದ ಹತ್ತಿತೋ ಗೊತ್ತಿಲ್ಲ. ಸೀಟಿನ ಸುದ್ದಿ ಬಂದ ದಿನ ಅವಳು ಗಿರಣಿಯ ಹಿಟ್ಟಿನಲ್ಲೆಲ್ಲ ಕುಣಿದು ಬೆಳ್ಳಗಾಗಿ ಬಂದಳು. ನನಗೆ ಸಂತೋಷವಾಯಿತು. ಸಂತೋಷದ ಹಿಂದೆಯೇ ಹೆದರಿಕೆಯಾಯಿತು. ಏನೇ ಆಗಲಿ, ಇವಳ ಹೆಸರಿನ ಮೇಲೆ ಯಾರೂ ಕೂತು ಕಡಲೆಕಾಯಿ ಸುಲಿಯಬಾರದು ಎಂದು ಅವತ್ತೇ ತೀರ್ಮಾನ ಮಾಡಿದೆ.

ಬಕೆಟ್ಟು, ಮಗ್ಗು, ಹೊದಿಕೆ, ಬಟ್ಟೆ ಒಣಗಿಸುವ ಹಗ್ಗ, ಬೀಗ, ಚಟ್ನಿಪುಡಿ ಎಲ್ಲ ಬಂತು. ಇವುಗಳ ಭಾರ ಭಾರವೇ ಅಲ್ಲ. ಭಾರ ಬರುವುದು ಆಮೇಲೆ. ನನ್ನ ಯಜಮಾನರು ಗಿರಣಿಯ ಸದ್ದಿನಲ್ಲಿ ಮಾತೇ ಮರೆತವರು, ಅವರಿಂದ ಅಪಾಯವಿರಲಿಲ್ಲ. ಅವರು ಮಾಡಿದ ಒಂದು ಉಪಕಾರವೆಂದರೆ ಗಿರಣಿಯಲ್ಲಿ ರಾಗಿ ಮೂಟೆ ತೂಗುವ ಯಂತ್ರವನ್ನು ತಂದು ಟ್ರಂಕನ್ನು ಅದರ ಮೇಲಿಟ್ಟದ್ದು. ಯಾರ ಮಾತಿಗೆ ಮುಳ್ಳು ಎಷ್ಟು ಏರುತ್ತದೆಂದು ಕಣ್ಣಾರೆ ಕಾಣಲಿ ಎಂಬುದು ಅವರ ಲೆಕ್ಕಾಚಾರ. ಆದದ್ದು ಬೇರೆ. ಜನ ಮಾತು ಹಾಕಿ, ಮಗಳ ಮುಖ ನೋಡುವುದು ಬಿಟ್ಟು ಮುಳ್ಳನ್ನೇ ನೋಡತೊಡಗಿದರು. ಏರಿದ್ದು ಸಾಲದೆನಿಸಿದವರು ಇನ್ನೊಂದು ಲೋಟ ಕಾಫಿ ಕೇಳಿ ಇನ್ನೊಂದು ಸುತ್ತು ಶುರು ಮಾಡಿದರು.

ಪಕ್ಕದ ಮನೆಯ ಲೀಲಾವತಿ ಬಂದು ಮುಳ್ಳು ನೋಡಿ ಮೂಗು ಮುರಿದಳು. “ಇಷ್ಟೇನಾ? ನಮ್ ಕಿರಣನ ಟ್ರಂಕು ಆರು ಜನ ಹಿಡಿದ್ರೂ ಅಲ್ಲಾಡ್ಲಿಲ್ಲ. ಅಷ್ಟು ಪ್ರೀತಿ ಅವನ ಮೇಲೆ ಊರಿಗೆ.” ಕಿರಣನ ಟ್ರಂಕು ನನ್ನ ಟ್ರಂಕಿನ ಪಕ್ಕದಲ್ಲೇ ಇದೆ. ಎಂಜಿನಿಯರಿಂಗಿಗೆ ಹೊರಟಿದ್ದ ಅವನು ಈಗ ಅದರ ಎದುರೇ ಬೋಂಡಾ ಅಂಗಡಿ ಇಟ್ಟಿದ್ದಾನೆ. ಬೋಂಡಾ ಚೆನ್ನಾಗಿರುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ.

ಪುರಸಭೆ ಅಧ್ಯಕ್ಷರೂ ದಯಮಾಡಿಸಿದರು. ಇಂಪನಾಳಿಗೆ ಹಾರ ಹಾಕಿ, ತಮಗೂ ಒಂದು ಹಾಕಿಸಿಕೊಂಡು, ಟ್ರಂಕಿನ ಮೇಲೆ ಕೈಯಿಟ್ಟು ಪ್ರಾಮಾಣಿಕತೆ, ಸರಳ ಜೀವನ, ಸಾರ್ವಜನಿಕ ಸೇವೆ ಎಂದು ಕಾಫಿ ಆರಿಹೋಗುವಷ್ಟು ಹೊತ್ತು ಮಾತಾಡಿದರು. ಕೊನೆಯಲ್ಲಿ ಎಲ್ಲರೂ ಬಗ್ಗಿ ನೋಡಿದರೆ ಮುಳ್ಳು ಇದ್ದಲ್ಲೇ ಇದೆ. ಅಧ್ಯಕ್ಷರು ತಮ್ಮ ಸಹಾಯಕನನ್ನು ಯಂತ್ರದ ಅಂಚಿಗೆ ಹತ್ತಿಸಿ ಪರೀಕ್ಷಿಸಿದರು. ಮುಳ್ಳು ಜಿಗಿದು ಏರಿತು. ಅವನನ್ನು ಇಳಿಸಿ ಪ್ರಾಮಾಣಿಕತೆಯ ಭಾಗವನ್ನು ಇನ್ನೊಮ್ಮೆ ಹೇಳಿದರು. ಮುಳ್ಳು ಮಿಸುಕಲಿಲ್ಲ.

“ನಿಮ್ ಮೆಷಿನ್ನಲ್ಲಿ ಮೋಸ ಇದೆ” ಎಂದರು ಅಧ್ಯಕ್ಷರು.

“ರಾಗಿಗೆ ಸರಿಯಾಗಿದೆ ಸಾರ್” ಎಂದರು ನನ್ನ ಯಜಮಾನರು. ಆ ತಿಂಗಳಲ್ಲಿ ಅವರಾಡಿದ ಅತಿ ಉದ್ದದ ಮಾತು ಅದೇ ಇರಬೇಕು. ಮಾರನೆಯ ವಾರ ಗಿರಣಿಗೆ ಪುರಸಭೆಯಿಂದ ನೋಟಿಸು ಬಂತು. ಅದಿರಲಿ. ನಮಗೆ ಅವತ್ತು ತಿಳಿದದ್ದು ಇಷ್ಟು: ಮನಸ್ಸಿಟ್ಟು ಹೇಳಿದ್ದು ಮಾತ್ರ ಟ್ರಂಕಿಗೆ ಇಳಿಯುತ್ತದೆ. ಮಗುವಿನ ಮೇಲೆ ಅಕ್ಕರೆ ಹೆಚ್ಚಿದ್ದವರ ಮಾತು ಹೆಚ್ಚು ಭಾರ. ಇದು ತಿಳಿದ ಮೇಲೆ ನನಗೆ ಇನ್ನಷ್ಟು ಹೆದರಿಕೆಯಾಯಿತು. ಅಧ್ಯಕ್ಷರಂಥವರು ಊರಿಗೊಬ್ಬರೇ ಇರುತ್ತಾರೆ. ಅಕ್ಕರೆಯವರು ಬೀದಿ ತುಂಬ.

ಅವರಲ್ಲಿ ಮೊದಲನೆಯವರು ನನ್ನ ಯಜಮಾನರ ಅಕ್ಕ ತುಂಗಮ್ಮ. ಇಂಪನಾಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು. ಅವರು ಮುಚ್ಚಳದ ಮೇಲೆ ಎರಡೂ ಕೈಯಿಟ್ಟು, “ಸಮುದ್ರದ ಹತ್ರ ಮಾತ್ರ ಹೋಗ್ಬೇಡ ಕಣಮ್ಮ” ಎಂದರು.

“ಅತ್ತೆ, ನಾನು ಓದೋಕೆ ಹೋಗ್ತಿರೋದೇ ಮೀನಿನ ವಿಷಯ” ಎಂದಳು ಇಂಪನಾ.

“ಮೀನು ಅವರೇ ಹಿಡಿದು ತಂದ್ಕೊಡ್ಲಿ. ನೀನು ದಡದಲ್ಲಿ ಕೂತ್ಕೊಂಡು ಓದು. ಆಮೇಲೆ ಇನ್ನೊಂದು, ಹೊರಗಡೆ ಕರಿದಿದ್ದು ಗಿರಿದಿದ್ದು ಏನೂ ತಿನ್ಬೇಡ.”

ಎರಡು ಮಾತಿಗೂ ಮುಳ್ಳು ಎಗರಿ ಎಗರಿ ಏರಿತು. ಅವರ ಹಿಂದೆಯೇ ಅಶ್ವತ್ಥ ಮೇಷ್ಟ್ರು ಬಂದರು. ಇವಳಿಗೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ, ಮೀನಿನ ಪುಸ್ತಕಗಳನ್ನು ಹುಡುಕಿ ತಂದುಕೊಟ್ಟು, ಈಗ ನಿವೃತ್ತರಾಗಿ ಮನೆಯಲ್ಲಿರುವವರು. “ಬೆಳಿಗ್ಗೆ ನಾಲ್ಕು ಗಂಟೆಗೆ ಎದ್ದು ಓದ್ಬೇಕು. ಒಂದು ದಿನಾನೂ ತಪ್ಪಿಸ್ಬಾರ್ದು” ಎಂದರು ಮೇಷ್ಟ್ರು. ಯಂತ್ರದ ಸ್ಪ್ರಿಂಗು ಕಿರುಗುಟ್ಟಿತು. ಅವರ ಹಿಂದೆ ಇಡೀ ಬೀದಿ ಬಂತು. ಕೂದಲು ಬಿಟ್ಟುಕೊಂಡು ಓಡಾಡಬೇಡ, ಮೊಬೈಲ್ ನೋಡಬೇಡ, ಯಾರನ್ನೂ ನಂಬಬೇಡ, ಎಲ್ಲರ ಜೊತೆ ಹೊಂದಿಕೊಂಡು ಹೋಗು, ಯಾರ ಜೊತೆಗೂ ಹೆಚ್ಚು ಸೇರಬೇಡ. ಒಂದಕ್ಕೊಂದು ತಾಳಮೇಳವಿಲ್ಲದಿದ್ದರೂ ಟ್ರಂಕಿನೊಳಗೆ ಎಲ್ಲಕ್ಕೂ ಜಾಗವಿತ್ತು.

ನಾನು ಮಾತ್ರ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ತಾಯಿಯಾದವಳಿಗೆ ಇದು ಎಷ್ಟು ಕಷ್ಟ ಎಂದು ನಮ್ಮ ಊರಿನ ತಾಯಂದಿರಿಗೆ ಮಾತ್ರ ಗೊತ್ತು. ಮಗಳಿಗೆ ನೇರವಾಗಿ ಹೇಳಿದರಷ್ಟೇ ಮಾತು ಟ್ರಂಕಿಗೆ ಹೋಗುವುದು, ಹಾಗಾಗಿ ನಾನು ಹೇಳಬೇಕಾದ್ದನ್ನೆಲ್ಲ ಬಕೆಟ್ಟಿಗೆ ಹೇಳುತ್ತಿದ್ದೆ. “ಬಕೆಟ್ಟೇ, ಒದ್ದೆ ತಲೇಲಿ ಮಲಗ್ಬಾರ್ದಪ್ಪ” ಎನ್ನುತ್ತಿದ್ದೆ. ಇಂಪನಾ ಆಚೆ ಕೋಣೆಯಿಂದ, “ಬಕೆಟ್ಟಿಗೆ ಗೊತ್ತಾಯ್ತಂತೆ ಅಮ್ಮ” ಎನ್ನುತ್ತಿದ್ದಳು. ನಮ್ಮಿಬ್ಬರ ಆ ತಿಂಗಳು ಹಾಗೇ ಕಳೆಯಿತು.

ಹೊರಡುವುದಕ್ಕೆ ಒಂದು ವಾರ ಇರುವಾಗ ಇಂಪನಾ ಟ್ರಂಕಿನ ಹಿಡಿ ಹಿಡಿದು ಎತ್ತಿ ನೋಡಿದಳು. ಹಿಡಿ ಕೈಗೆ ಬಂತು, ಟ್ರಂಕು ಬರಲಿಲ್ಲ. ಟ್ರಂಕನ್ನು ಹೊರಟವರೇ ಎತ್ತಿ ಬಸ್ಸಿಗೆ ಹಾಕಬೇಕು, ಕಂಡಕ್ಟರ್ ಮಾದೇಶ ಬೇರೆಯವರ ಕೈ ತಾಗಿಸಲು ಬಿಡುವುದಿಲ್ಲ. ಇಲ್ಲಿ ಎತ್ತಲಾಗದವರು ಹಾಸ್ಟೆಲಿನ ಮೆಟ್ಟಿಲು ಹೇಗೆ ಹತ್ತಿಸುತ್ತಾರೆ ಎಂಬುದು ಅವನ ವಾದ. ಕಾಲೇಜಿನವರು ಹೇಳಿದ ದಿನಕ್ಕೆ ಹಾಜರಾಗದಿದ್ದರೆ ಸೀಟು ಇನ್ನೊಬ್ಬರಿಗೆ ಹೋಗುತ್ತದೆ. ಮಗಳು ಮುರಿದ ಹಿಡಿಯನ್ನು ಕೈಯಲ್ಲಿ ಹಿಡಿದುಕೊಂಡು ನನ್ನನ್ನು ನೋಡಿದಳು.

ಹಾಕಿದ ಮಾತನ್ನು ತೆಗೆಯಲು ದಾರಿ ಒಂದಿದೆ. ಹಾಕಿದವರೇ ಬಂದು ಮುಚ್ಚಳದ ಮೇಲೆ ಕೈಯಿಟ್ಟು, “ಹೇಳಿದ್ದು ನನಗೇ ಇರಲಿ” ಎನ್ನಬೇಕು. ಆಗ ಮಾತು ಟ್ರಂಕಿನಿಂದ ಇಳಿದು ಹೇಳಿದವರ ಮೇಲೆ ಕೂರುತ್ತದೆ. ಮಗು ರಜೆಗೆ ಮನೆಗೆ ಬರುವವರೆಗೂ ಅವರು ಅದನ್ನು ಸ್ವತಃ ಪಾಲಿಸಬೇಕು. ತಪ್ಪಿದರೆ ಭಾರ ವಾಪಸ್ ಟ್ರಂಕಿಗೆ ಹೋಗುತ್ತದೆ. ಸೇದಬೇಡ ಎಂದು ಮಗನಿಗೆ ಹೇಳಿ ಹಿಂದಕ್ಕೆ ಪಡೆದಿದ್ದ ತಂದೆಯೊಬ್ಬರು ಗಿರಣಿಯ ಹಿಂದೆ ನಿಂತು ಗುಟ್ಟಾಗಿ ಬೀಡಿ ಹಚ್ಚಿದಾಗ, ಅಲ್ಲಿ ದೂರದ ಹಾಸ್ಟೆಲಿನಲ್ಲಿ ಮಗನ ಟ್ರಂಕು ಮಂಚ ಮುರಿದುಕೊಂಡು ನೆಲಕ್ಕೆ ಬಿತ್ತು. ಹೀಗಾಗಿ ನಮ್ಮ ಊರಿನಲ್ಲಿ ಬುದ್ಧಿ ಹೇಳಲು ಎಲ್ಲರೂ ಮುಂದು, ಹಿಂದಕ್ಕೆ ತೆಗೆದುಕೊಳ್ಳಿ ಎಂದರೆ ಎಲ್ಲರಿಗೂ ಮನೆಯಲ್ಲಿ ಕೆಲಸ.

ನಾನು ಮನೆ ಮನೆ ತಿರುಗಿದೆ. ತುಂಗಮ್ಮ ಅತ್ತಿಗೆ ಸಮುದ್ರದ ಮಾತನ್ನು ತಕ್ಷಣ ವಾಪಸ್ ತೆಗೆದುಕೊಂಡರು. ಸಮುದ್ರ ಅವರ ಮನೆಯಿಂದ ಒಂದು ಹಗಲು ಒಂದು ರಾತ್ರಿಯ ಹಾದಿ. ಕರಿದ ತಿಂಡಿಯ ವಿಷಯಕ್ಕೆ ಬಂದಾಗ ಮಾತ್ರ ಮುಖ ಬಾಡಿತು. ದಿನಾ ಸಂಜೆ ಕಿರಣನ ಅಂಗಡಿಯಲ್ಲಿ ಮೊದಲ ಬಾಣಲೆಯ ಬೋಂಡಾ ಅವರದು.

“ದೀಪಾವಳಿಗೆ ಬರ್ತಾಳಲ್ವಾ ಇವಳು?” ಎಂದು ಕೇಳಿದರು.

“ಬರ್ತಾಳೆ ಅತ್ತಿಗೆ.”

“ಅದಕ್ಕಿಂತ ಮುಂಚೆ ಯಾವ್ದೂ ರಜೆ ಇಲ್ವಾ? ಕೇಳಿ ನೋಡು.”

ಕೊನೆಗೆ ಕಣ್ಣು ಮುಚ್ಚಿಕೊಂಡು ಮುಚ್ಚಳದ ಮೇಲೆ ಕೈಯಿಟ್ಟು ಹೇಳಿದರು. ಅಕ್ಕರೆ ಎಂದರೆ ಅದೇ ಎಂದು ನನಗನಿಸಿತು. ಹೇಳಿದಾಗ ಇದ್ದದ್ದಕ್ಕಿಂತ ಹಿಂದಕ್ಕೆ ಪಡೆದಾಗಿನದು ದೊಡ್ಡದು.

ಮೇಷ್ಟ್ರು ಸುಲಭಕ್ಕೆ ಬಗ್ಗಲಿಲ್ಲ. “ನಾನು ಹೇಳಿದ್ದು ಅವಳ ಒಳ್ಳೇದಕ್ಕೆ ಕಣಮ್ಮ” ಎಂದರು.

“ಒಳ್ಳೇದು ನಿಮಗೂ ಆಗ್ಲಿ ಸಾರ್” ಎಂದೆ.

“ರಿಟೈರ್ ಆದೋನು ನಾನು. ನಾಲ್ಕು ಗಂಟೆಗೆ ಎದ್ದು ಏನು ಓದ್ಲಿ?”

ಒಳಗಿನಿಂದ ಅವರ ಹೆಂಡತಿ, “ಏನಾದ್ರೂ ಓದ್ಕೊಳ್ರೀ, ಹಾಲಿನೋನು ಬರೋ ಹೊತ್ತಿಗೆ ಎದ್ದಿರ್ತೀರಲ್ಲ, ನನಗೆ ಅಷ್ಟೇ ಸಾಕು. ಮದ್ವೆ ಆದಾಗಿಂದ ಎಂಟು ಗಂಟೆಗೆ ಮುಂಚೆ ಎದ್ದಿದ್ದು ನೋಡಿಲ್ಲ” ಎಂದರು. ಮೇಷ್ಟ್ರು ನನ್ನನ್ನೂ ಗೋಡೆಯನ್ನೂ ನೋಡಿ, ಚಪ್ಪಲಿ ಮೆಟ್ಟಿಕೊಂಡು ನನ್ನ ಹಿಂದೆ ಬಂದರು. ಕೂದಲಿನವರು, ಮೊಬೈಲಿನವರು, ಯಾರನ್ನೂ ನಂಬಬೇಡ ಎಂದವರು, ಒಬ್ಬೊಬ್ಬರಾಗಿ ಗೊಣಗುತ್ತ ಬಂದು ತಮ್ಮ ತಮ್ಮ ಮಾತನ್ನು ಹೊತ್ತುಕೊಂಡು ಹೋದರು. ಊರಿನ ಚಹರೆಯೇ ಸ್ವಲ್ಪ ಬದಲಾಯಿತು. ಮೊಬೈಲ್ ನೋಡುವಂತಿಲ್ಲದವರು ಸಂಜೆ ಹೊತ್ತು ಮಾಡಲು ಕೆಲಸವಿಲ್ಲದೆ ಹೆಂಡತಿಯರ ಜೊತೆ ಮಾತಾಡಿ ಹೊಸ ಹೊಸ ಜಗಳ ತೆಗೆದರು. ಅಧ್ಯಕ್ಷರನ್ನು ನಾನು ಕೇಳಲು ಹೋಗಲಿಲ್ಲ, ತೆಗೆಯುವುದಕ್ಕೆ ಅಲ್ಲಿ ಏನೂ ಇರಲಿಲ್ಲ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಇಂಪನಾ ಹೊಸ ಹಿಡಿ ಹಾಕಿಸಿದ ಟ್ರಂಕನ್ನು ಎತ್ತಿ ಜಗಲಿಯ ಈ ಕೊನೆಯಿಂದ ಆ ಕೊನೆಗೆ ಒಯ್ದು ಇಟ್ಟಳು. ನನ್ನ ಯಜಮಾನರು ಒಂದು ಸಲ ನಕ್ಕು, ತೂಕದ ಯಂತ್ರವನ್ನು ಗಿರಣಿಗೆ ವಾಪಸ್ ಒಯ್ದರು. ಲೀಲಾವತಿ ಕಾಂಪೌಂಡಿನ ಆ ಕಡೆಯಿಂದ, “ಅಯ್ಯೋ, ಇಷ್ಟು ಹಗುರ ಟ್ರಂಕು ತಗೊಂಡು ಹೋದ್ರೆ ಅಲ್ಲಿಯೋರು ಏನಂದ್ಕೋತಾರೆ, ಹೇಳೋರು ಕೇಳೋರು ಯಾರೂ ಇಲ್ಲ ಅಂತಾನಾ?” ಎಂದಳು. ನಾನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ನನಗೆ ನನ್ನ ಮೇಲೆಯೇ ಹೆಮ್ಮೆ ಬಂದಿತ್ತು. ಇಡೀ ಊರು ಬುದ್ಧಿ ಹೇಳುವಾಗ ಒಂದು ಮಾತೂ ಹಾಕದೆ ಉಳಿದ ತಾಯಿ ಈ ಊರಿನ ಚರಿತ್ರೆಯಲ್ಲಿ ನಾನೊಬ್ಬಳೇ ಎಂದುಕೊಂಡೆ.

ಅವತ್ತು ದೀಪ ಹಚ್ಚುವ ಹೊತ್ತಿನಲ್ಲಿ ನಾವಿಬ್ಬರೂ ಟ್ರಂಕಿನ ಮುಂದೆ ಕೂತು ಹೊದಿಕೆ ಮಡಿಸುತ್ತಿದ್ದೆವು. ಅವಳು ಆ ತುದಿ, ನಾನು ಈ ತುದಿ. ಚಿಕ್ಕವಳಿದ್ದಾಗಿನಿಂದ ಅವಳು ಹೊದೆಯುತ್ತಿದ್ದ ಹೊದಿಕೆ. ಮಡಿಕೆ ಚಿಕ್ಕದಾಗುತ್ತ ನಾವು ಹತ್ತಿರವಾದಾಗ ನೋಡಿದೆ, ಅವಳ ಕಣ್ಣಿನಿಂದ ನೀರು ಇಳಿದು ಮೂಗಿನ ತುದಿಗೆ ಬಂದಿತ್ತು. ಟ್ರಂಕಿನ ಮುಚ್ಚಳ ತೆರೆದೇ ಇತ್ತು. ಹೊದಿಕೆಯ ತುದಿಯನ್ನು ಅವಳಿಗೆ ಕೊಟ್ಟ ನನ್ನ ಕೈ ಅದರ ಮೇಲೆ ಹೋಗಿ ಕೂತಿತ್ತು. ನನಗೆ ಬಕೆಟ್ಟಿನ ನೆನಪಾಗಲಿಲ್ಲ.

“ಅಲ್ಲಿ ಹೋಗಿ ನನ್ನ ನೆನೆಸ್ಕೊಂಡು ಅಳ್ಬೇಡ ಕಂದ” ಎಂದೆ.

ಅವಳು ತಲೆಯಾಡಿಸಿದಳು. ಹೊದಿಕೆ ಇಟ್ಟು, ಮುಚ್ಚಳ ಹಾಕಿ, ಬೀಗ ಜಡಿದೆವು. ಅದೂ ಒಂದು ಮಾತು ಎಂದು ನನಗನಿಸಲೇ ಇಲ್ಲ. ನನ್ನಮ್ಮ ನನಗೂ ಅದನ್ನೇ ಹೇಳಿದ್ದಳು.

ಬೆಳಿಗ್ಗೆ ಕೈಗಾಡಿಯಲ್ಲಿ ಟ್ರಂಕು ಒಯ್ಯುವಾಗಲೇ ನನ್ನ ಯಜಮಾನರ ಬೆನ್ನು ಬಾಗಿದ್ದನ್ನು ನಾನು ಗಮನಿಸಬೇಕಿತ್ತು. ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಊರು ಸೇರಿತ್ತು. ಮೇಷ್ಟ್ರು ಕೆಂಪು ಕಣ್ಣಿನಲ್ಲಿ ಆಕಳಿಸುತ್ತಿದ್ದರು. ತುಂಗಮ್ಮ ಅತ್ತಿಗೆ ಕಿರಣನ ಬಾಣಲೆಗೆ ಬೆನ್ನು ಹಾಕಿ ನಿಂತಿದ್ದರು. ಬಸ್ಸು ಬಂತು. ಇಂಪನಾ ಹಿಡಿ ಹಿಡಿದು ಎತ್ತಿದಳು. ಟ್ರಂಕು ಕದಲಲಿಲ್ಲ. ಎರಡೂ ಕೈ ಹಾಕಿ ಎತ್ತಿದಳು. ಒಂದು ಮೂಲೆ ಎದ್ದ ಹಾಗೆ ಕಂಡು ಮತ್ತೆ ನೆಲಕ್ಕೆ ಕೂತಿತು.

“ನಿನ್ನೆ ಎತ್ತಿದ್ಳಲ್ಲ” ಎಂದರು ಅತ್ತಿಗೆ.

“ನಿನ್ನೆ ಆದ್ಮೇಲೆ ಯಾರೋ ಹಾಕಿದಾರೆ” ಎಂದರು ಮೇಷ್ಟ್ರು.

ಎಲ್ಲರೂ ಎಲ್ಲರನ್ನೂ ನೋಡಿದರು. ಇಂಪನಾ ಮಾತ್ರ ನನ್ನನ್ನು ನೋಡಲಿಲ್ಲ, ನೆಲ ನೋಡಿದಳು. ಯಾರು ಎಂದು ಅವಳಿಗೆ ಗೊತ್ತಿತ್ತು. ಅವಳು ಹೇಳಲಿಲ್ಲ. ಹೇಳದೆ, ಟ್ರಂಕನ್ನು ತಬ್ಬಿಕೊಂಡು ಇನ್ನೊಂದು ಸಲ ಎತ್ತಲು ನೋಡಿದಳು. ಅವಳ ಕುತ್ತಿಗೆಯ ನರ ಉಬ್ಬಿತು.

“ಆಯ್ತಾ?” ಎಂದ ಮಾದೇಶ. “ಟೈಮಾಯ್ತು ಕಣವ್ವ. ಆಗಲ್ಲ ಅಂದ್ರೆ ಆ ಕಡೆ ಸಾಲಿಗೆ ತಳ್ಳಿಬಿಡಿ, ಬೇವಿನ ಮರದ ಹತ್ರ ಜಾಗ ಇದೆ.”

ನಾನು ಬೇವಿನ ಮರದ ಕಡೆ ನೋಡಿದೆ. ‘ಲಾಕ್ಷಿ’ಯ ಮೇಲೆ ಯಾರೋ ಕೂತಿದ್ದರು. ಅವತ್ತು ನಾನು ಇದೇ ಜಾಗದಲ್ಲಿ ನಿಂತು ಎತ್ತಲಾಗದೆ ಅಮ್ಮನ ಕಡೆ ತಿರುಗಿದ್ದೆ. ಹಿಂದಕ್ಕೆ ತಗೋಮ್ಮ ಎಂದಿದ್ದೆ. ಒಳ್ಳೇದಕ್ಕೇ ತಾನೇ ಹೇಳಿದ್ದು ಎಂದಳು ಅವಳು. ಬಸ್ಸು ಹೋಯಿತು. ಅವಳು ನನ್ನನ್ನು ತಬ್ಬಿಕೊಂಡು ಹೊಟ್ಟೆ ತುಂಬ ಅತ್ತಳು. ಅಮ್ಮ ನನ್ನನ್ನು ಹಿಡಿದಿಟ್ಟುಕೊಳ್ಳಲು ಹಾಗೆ ಮಾಡಿದಳೆಂದು ನಾನು ಬಹಳ ವರ್ಷ ಅಂದುಕೊಂಡಿದ್ದೆ. ಅವಳಿಗೆ ಅಳದೆ ಇರಲು ಆಗುತ್ತಿರಲಿಲ್ಲ, ಅಷ್ಟೇ. ಅದು ನನಗೆ ಅರ್ಥವಾಗಲು ನನ್ನ ಮಗಳ ಟ್ರಂಕು ಮುಂದೆ ಬಂದು ಕೂರಬೇಕಾಯಿತು.

ನಾನೂ ಅಳುವನ್ನು ಕೂಡಿಟ್ಟುಕೊಂಡಿದ್ದೆ. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ನನ್ನ ಟ್ರಂಕಿನ ಮೇಲೆ ಕೂತು, ಸೆರಗು ಬಾಯಿಗೆ ಒತ್ತಿಕೊಂಡು ಒಂದೇ ಸಮನೆ ಅಳಬೇಕೆಂದು ಒಂದು ತಿಂಗಳಿನಿಂದ ಕಾಯುತ್ತಿದ್ದೆ. ಬಾಯಿಗೆ ಬೀಗ ಹಾಕಿಕೊಂಡದ್ದೆಲ್ಲ ಆ ಆಸೆಯಲ್ಲೇ.

ಮುಂದೆ ಹೋಗಿ ಮುಚ್ಚಳದ ಮೇಲೆ ಕೈಯಿಟ್ಟೆ. “ಅಮ್ಮ, ಬೇಡ” ಎಂದಳು ಇಂಪನಾ ಮೆಲ್ಲಗೆ. “ನಿನ್ ಕೈಲಿ ಆಗಲ್ಲ.”

“ಹೇಳಿದ್ದು ನನಗೇ ಇರಲಿ” ಎಂದೆ.

ಮಗಳು ಟ್ರಂಕನ್ನು ಎತ್ತಿ ಬಸ್ಸಿಗೆ ಹಾಕಿದಳು. ಎಷ್ಟು ಸುಲಭವಾಗಿ ಬಂತೆಂದರೆ ಅವಳೇ ಎರಡು ಹೆಜ್ಜೆ ಮುಗ್ಗರಿಸಿದಳು. ಮಾದೇಶ ಸೀಟಿ ಊದಿದ. ಕಿಟಕಿಯ ಪಕ್ಕ ಕೂತು ಅವಳು ಅಳಲು ಶುರು ಮಾಡಿದಳು. ಅವಳಿಗೆ ಈಗ ಯಾವ ಅಡ್ಡಿಯೂ ಇರಲಿಲ್ಲ. ತಲೆ ಹೊರಗೆ ಹಾಕಿ, ಮೂಗು ಬಾಯಿ ಒಂದು ಮಾಡಿಕೊಂಡು, ಇಡೀ ಬಸ್ ಸ್ಟ್ಯಾಂಡಿಗೆ ಕೇಳುವ ಹಾಗೆ ಅತ್ತಳು. ಅತ್ತಿಗೆ ಅತ್ತರು. ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ನನ್ನ ಯಜಮಾನರು ಕೈಗಾಡಿಯ ಹಿಂದೆ ಹೋಗಿ ನಿಂತರು, ಅವರ ಭುಜ ಅಲುಗುತ್ತಿತ್ತು. ನಾನು ಕೈ ಬೀಸುತ್ತ ನಿಂತಿದ್ದೆ. ಕಣ್ಣಿನ ಹಿಂದೆ ಉರಿ ಎದ್ದಿತು, ಅದನ್ನು ಅಲ್ಲೇ ಹಿಡಿದೆ. ಒಂದು ಹನಿ ಬಿದ್ದರೂ ಟ್ರಂಕು ಬಸ್ಸಿನ ತಳ ಒಡೆದುಕೊಂಡು ರಸ್ತೆಗೆ ಬೀಳುತ್ತದೆ ಎಂದು ಮನಸ್ಸಿಗೆ ಹೇಳಿಕೊಂಡೆ.

“ಕಲ್ಲು ಕಣ್ರೀ ಇವಳ ಎದೆ” ಎಂದಳು ಲೀಲಾವತಿ, ನನಗೆ ಕೇಳಲಿ ಎಂದೇ. “ಒಬ್ಳೇ ಮಗಳು, ಒಂದು ಹನಿ ನೀರಿಲ್ಲ ಕಣ್ಣಲ್ಲಿ.”

ಆಮೇಲಿನ ದಿನಗಳು ಹೇಗೋ ನಡೆದವು. ನಾಲ್ಕು ಗಂಟೆಗೆ ಎದ್ದ ಮೇಷ್ಟ್ರು ಓದಲು ಬೇರೇನೂ ಸಿಗದೆ ಪುರಸಭೆಯ ಹಳೆಯ ನಡಾವಳಿಗಳನ್ನು ಓದಿ, ಅಧ್ಯಕ್ಷರಿಗೆ ದಿನಕ್ಕೊಂದು ಪ್ರಶ್ನೆ ಬರೆದು ಕಳಿಸತೊಡಗಿದರು. ಗಿರಣಿಯ ನೋಟಿಸಿನ ವಿಚಾರ ಅಲ್ಲಿಗೇ ನಿಂತಿತು. ಅತ್ತಿಗೆ ಬಡವಾದರು, ಕಿರಣನ ವ್ಯಾಪಾರ ಇಳಿಯಿತು. ನಾನು ಈರುಳ್ಳಿ ಹೆಚ್ಚುವುದನ್ನು ಬಿಟ್ಟೆ. ಯಾವ ಹನಿ ಯಾವುದಕ್ಕೆಂದು ಆ ಟ್ರಂಕಿಗೆ ತಿಳಿಯುತ್ತದೋ ಇಲ್ಲವೋ, ಪರೀಕ್ಷೆ ಮಾಡುವ ಧೈರ್ಯ ನನಗಿರಲಿಲ್ಲ. ಸಂಜೆ ಹೊತ್ತು ಅವಳ ಕೋಣೆಯ ಕಡೆ ಹೋಗದೆ ಗಿರಣಿಗೆ ಹೋಗಿ ಕೂರುತ್ತಿದ್ದೆ. ಅಲ್ಲಿ ಹಿಟ್ಟು ಕಣ್ಣಿಗೆ ಬೀಳುತ್ತದೆಂದು ಯಜಮಾನರು ತಮ್ಮ ಟವೆಲನ್ನು ನನ್ನ ಮುಖದ ಮುಂದೆ ಹಿಡಿಯುತ್ತಿದ್ದರು.

ಮೊದಲ ಭಾನುವಾರ ಇಂಪನಾ ಫೋನ್ ಮಾಡಿದಳು. ರೂಮಿನಲ್ಲಿ ಮೂವರು, ಸಾರು ನೀರು ನೀರು, ಬಕೆಟ್ಟು ಯಾರೋ ತೆಗೆದುಕೊಂಡು ಹೋಗಿದ್ದಾರೆ, ಸಮುದ್ರ ಅವಳಂದುಕೊಂಡಷ್ಟು ನೀಲಿಯಿಲ್ಲ. ಟ್ರಂಕು ಮಂಚದ ಕೆಳಗೆ ಇದೆ, ಕಾಲಲ್ಲಿ ತಳ್ಳಿದರೆ ಸರಿಯುತ್ತದೆ ಎಂದಳು.

“ದಿನಾ ಅಳ್ತೀನಿ ಅಮ್ಮ” ಎಂದಳು. “ಅತ್ತು ಆದ್ಮೇಲೆ ಚೆನ್ನಾಗಿ ನಿದ್ದೆ ಬರುತ್ತೆ.”

“ಅಳು” ಎಂದೆ.

“ನೀನು?”

“ಇಲ್ಲ.”

“ಒಂದ್ಸಲಾನೂ ಇಲ್ವಾ?”

“ಇಲ್ಲ ಕಂದ. ಟ್ರಂಕು ಸರಿಯುತ್ತೆ ಅಂದ್ಯಲ್ಲ.”

ಆ ಕಡೆಯಿಂದ ಅಲೆಗಳದೋ ಫ್ಯಾನಿನದೋ ಸದ್ದು ಕೇಳುತ್ತಿತ್ತು.

“ದೀಪಾವಳಿಗೆ ಬಸ್ ಇಳಿದ ತಕ್ಷಣ ನಿನ್ ಟ್ರಂಕ್ ಮೇಲೆ ನಾವಿಬ್ರೂ ಕೂತ್ಕೊಳ್ಳೋಣ ಅಮ್ಮ” ಎಂದಳು. “ಮನೆಗೆ ಆಮೇಲೆ ಹೋಗೋಣ. ನೀನು ಎಷ್ಟು ಹೊತ್ತು ಬೇಕಾದ್ರೂ ಅಳು.”